ಅರಗಿನ ಮೊಹರು ಬಲ್ಲ ಡಾಕ್ಟರಮ್ಮ

ಪೊಲೀಸ್ ಇಲಾಖೆಯಲ್ಲಿದ್ದಷ್ಟು ಕಾಲ ನಾನು ಓಡಿ ಕಳ್ಳರನ್ನು ಹಿಡಿದದ್ದು ಕಡಿಮೆ, ಕೂತು ಮಹಜರು ಬರೆದದ್ದೇ ಹೆಚ್ಚು. ಹದಿನಾಲ್ಕು ವರ್ಷ ಠಾಣೆಯ ರೈಟರ್ ಆಗಿದ್ದೆ. ಸಕಲೇಶಪುರದ ಸುತ್ತಿನ ಕಾಫಿತೋಟವಿರಲಿ, ಹೇಮಾವತಿಯ ದಡವಿರಲಿ, ಹೆಣ ಸಿಕ್ಕಿತೆಂದರೆ ತಲೆ ಯಾವ ದಿಕ್ಕಿಗಿತ್ತು, ಪಂಚೆಯ ಅಂಚಿನ ಬಣ್ಣವೇನು, ಎಡಗೈ ಮಡಚಿತ್ತೋ ಚಾಚಿತ್ತೋ ಎಂದು ಬರೆಯುವುದು ನನ್ನ ಪಾಲಿನ ಕೆಲಸ. ಹೀಗಾಗಿ ಪತ್ತೇದಾರಿ ಕಾದಂಬರಿಗೂ ನನಗೂ ಕೂಡಿಬರುತ್ತಿರಲಿಲ್ಲ. ಹತ್ತನೇ ಪುಟದಲ್ಲಿ ಪತ್ತೇದಾರ ಬರಿಗೈಯಲ್ಲಿ ಚಾಕು ಎತ್ತಿಕೊಳ್ಳುತ್ತಾನೆ, ನಾನು ಅಲ್ಲಿಗೆ ಪುಸ್ತಕ ಮುಚ್ಚುತ್ತೇನೆ.

ಕಳೆದ ಜುಲೈಯಲ್ಲಿ ಮಗಳು ಬೆಂಗಳೂರಿನ ಅವೆನ್ಯೂ ರಸ್ತೆಯಿಂದ ಪೆಟ್ರೀಷಿಯಾ ಕಾರ್ನ್‌ವೆಲ್ ಬರೆದ ಏಳು ಹಳೆಯ ಪುಸ್ತಕಗಳನ್ನು ತಂದುಕೊಟ್ಟಳು. ಅಮೆರಿಕದ ವರ್ಜೀನಿಯಾ ರಾಜ್ಯದ ಮುಖ್ಯ ಶವಪರೀಕ್ಷಾಧಿಕಾರಿ ಕೇ ಸ್ಕಾರ್ಪೆಟಾ ಎಂಬಾಕೆಯ ಸರಣಿ. ಮಳೆ ಹಿಡಿದು ಮೂರು ದಿನದಿಂದ ಕರೆಂಟ್ ಇರಲಿಲ್ಲ. ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಕಾದಂಬರಿ 'ಪೋಸ್ಟ್‌ಮಾರ್ಟಂ' ತೆರೆದರೆ ಅಲ್ಲಿಯೂ ಮಳೆ. ರಿಚ್‌ಮಂಡ್ ನಗರ, ಜೂನ್ 6, ಶುಕ್ರವಾರ. ನಡುರಾತ್ರಿ ಫೋನು ಬರುತ್ತದೆ, ಡಾಕ್ಟರಮ್ಮ ಎದ್ದು ಹೊರಡುತ್ತಾಳೆ. ದಿನಾಂಕ ಮತ್ತು ವಾರದಿಂದ ಶುರುಮಾಡುವ ಕಾದಂಬರಿಯನ್ನು ನಾನು ನಂಬದೆ ಇರಲಾರೆ.

ಕೊಲೆಗಾರ ಒಬ್ಬನೇ, ಸತ್ತ ಹೆಂಗಸರು ಹಲವರು. ಆದರೆ ನನ್ನನ್ನು ರಾತ್ರಿ ಒಂದರವರೆಗೆ ಎಚ್ಚರವಾಗಿ ಕೂರಿಸಿದ್ದು ಅವನಲ್ಲ, ಒಂದು ಫ್ರಿಜ್ಜು. ಸ್ಕಾರ್ಪೆಟಾಳ ಕಚೇರಿಯ ಫ್ರಿಜ್ಜಿನಲ್ಲಿ ಲೆಕ್ಕಕ್ಕೆ ಬಾರದ ಒಂದು ಸಾಕ್ಷ್ಯದ ಕಟ್ಟು ಸಿಗುತ್ತದೆ. ಅದು ಅಲ್ಲಿಗೆ ಹೇಗೆ ಬಂತು, ಚೀಟಿ ಅಂಟಿಸಿದವರು ಯಾರು ಎಂಬ ಪ್ರಶ್ನೆ ಅವಳ ಕುರ್ಚಿಯನ್ನೇ ಅಲುಗಾಡಿಸುತ್ತದೆ. ಬೇರೆ ಓದುಗರು ಇಲ್ಲಿ ಆಕಳಿಸಿರಬಹುದು. ನನಗೆ ಅಂಗೈ ಬೆವರಿತು.

ಅದಕ್ಕೆ ಕಾರಣವಿದೆ. ತೋಟದ ಕೀಟನಾಶಕ ಕುಡಿದು ಸತ್ತ ಒಬ್ಬನ ಅಂಗಾಂಶಗಳನ್ನು ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಒಯ್ಯುವ ಕೆಲಸ ಒಮ್ಮೆ ನನಗೇ ಬಿದ್ದಿತ್ತು. ಅಗಲ ಬಾಯಿಯ ಎರಡು ಜಾಡಿ, ಗಟ್ಟಿ ಉಪ್ಪುನೀರಿನಲ್ಲಿ ಹೊಟ್ಟೆಯ ಭಾಗ, ಕರುಳು, ಯಕೃತ್ತು, ಮೂತ್ರಪಿಂಡ. ಮೇಲೆ ಬಿಳಿ ಬಟ್ಟೆಯ ಹೊಲಿಗೆ, ಅರಗಿನ ಮೊಹರು. ಜೇಬಿನಲ್ಲಿ, ಪ್ರಯೋಗಾಲಯದವರು ಹೋಲಿಸಿ ನೋಡಲು, ಮೊಹರಿನ ಮಾದರಿ. ಹಾಸನದಿಂದ ಬಸ್ಸಿನಲ್ಲಿ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಪಕ್ಕದ ಯಜಮಾನರು, "ಮನೆಯ ಉಪ್ಪಿನಕಾಯಿಯೇ ಸ್ವಾಮಿ?" ಎಂದು ಕೇಳಿದರು. ಹೌದೆಂದೆ. ಚನ್ನರಾಯಪಟ್ಟಣ ದಾಟುವಾಗ ಒಂದು ಮೊಹರು ಬಿರುಕು ಬಿಟ್ಟಂತೆ ಕಂಡಿತು. ಬಿಟ್ಟಿರಲಿಲ್ಲ, ಆದರೂ ಬೆಂಗಳೂರು ಬರುವವರೆಗೆ ಬೆರಳನ್ನು ಅದರ ಮೇಲಿಂದ ತೆಗೆಯಲಿಲ್ಲ.

ಈ ಭಯ ಕಾರ್ನ್‌ವೆಲ್‌ಗೆ ಗೊತ್ತಿದೆ. ಹೇಗೆ ಗೊತ್ತು ಎಂಬುದು ಮಗಳು ಮೊಬೈಲಿನಲ್ಲಿ ನೋಡಿ ಹೇಳಿದಾಗ ತಿಳಿಯಿತು. ಕಾದಂಬರಿಗಾರ್ತಿಯಾಗುವ ಮುಂಚೆ ಆಕೆ ಪತ್ರಿಕೆಗೆ ಅಪರಾಧ ಸುದ್ದಿ ಬರೆಯುತ್ತಿದ್ದರಂತೆ. ಆಮೇಲೆ ರಿಚ್‌ಮಂಡ್‌ನ ಆ ಶವಪರೀಕ್ಷಾ ಕಚೇರಿಯಲ್ಲೇ ಆರು ವರ್ಷ, ಮೊದಲು ತಾಂತ್ರಿಕ ಬರಹಗಾರ್ತಿಯಾಗಿ, ಆಮೇಲೆ ಕಂಪ್ಯೂಟರ್ ಕೆಲಸಕ್ಕೆ. ಅಂದರೆ ಆಕೆಯೂ ರೈಟರ್! ನನಗಾದ ಸಂತೋಷ ಅಷ್ಟಿಷ್ಟಲ್ಲ. "ನಿವೃತ್ತಿಯಾದ ಮೇಲೂ ನೀವು ಹೆಣ ಬಿಡಲಿಲ್ಲವಲ್ಲ" ಎಂದು ನನ್ನಾಕೆ ಕಾಫಿ ಲೋಟ ಕುಕ್ಕಿ ಹೋದಳು.

ಅಲ್ಲಿಗೂ ಇಲ್ಲಿಗೂ ವ್ಯತ್ಯಾಸ ಬಹಳ. ಅವರಲ್ಲಿ ಡಾಕ್ಟರಮ್ಮನೇ ಸ್ಥಳಕ್ಕೆ ಬಂದು ಶವದ ಉಷ್ಣಾಂಶ ನೋಡುತ್ತಾಳೆ. ನಮ್ಮಲ್ಲಿ ಶವ ಪಂಚನಾಮೆ ಪೊಲೀಸರದು, ವೈದ್ಯರು ಹೆಣ ನೋಡುವುದು ಸಾಮಾನ್ಯವಾಗಿ ಆಸ್ಪತ್ರೆಯಲ್ಲೇ. ಈ ಪಂಚನಾಮೆಗೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ನಾವು 174 ಎನ್ನುತ್ತಿದ್ದ ಕಲಮು 2024ರ ಜುಲೈಯಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 194 ಆಗಿದೆ. ಸಾಕ್ಷಿಗೆ ನಿಲ್ಲುವ ಪಂಚರನ್ನು ಹುಡುಕಿ ಕರೆತರುವ ಕಷ್ಟ ಮಾತ್ರ ಹಾಗೇ ಇರಬೇಕು.

'ದಿ ಬಾಡಿ ಫಾರ್ಮ್' (1994) ಕೂಡ ಚೆನ್ನಾಗಿದೆ. ಟೆನೆಸ್ಸಿಯ ನಾಕ್ಸ್‌ವಿಲ್‌ನಲ್ಲಿ ದಾನವಾಗಿ ಬಂದ ಶವಗಳನ್ನು ಬಯಲಿನಲ್ಲಿಟ್ಟು ಕೊಳೆಯುವ ಬಗೆಯನ್ನು ಅಭ್ಯಾಸ ಮಾಡುವ ಜಾಗ ನಿಜಕ್ಕೂ ಇದೆ, ವಿಲಿಯಂ ಬಾಸ್ ಎಂಬ ಮಾನವಶಾಸ್ತ್ರಜ್ಞರು ಶುರುಮಾಡಿದ್ದು. ಜುಲೈಯಲ್ಲಿ ಏಲಕ್ಕಿ ಗಿಡಗಳ ನಡುವೆ ಸಿಕ್ಕ ಹೆಣದ ಮುಂದೆ "ಎಷ್ಟು ದಿನದ್ದು?" ಎಂದು ಸಾಹೇಬರು ಕೇಳುತ್ತಿದ್ದಾಗ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಈ ಮಳೆಗೆ, ಈ ಇರುವೆಗೆ ಲೆಕ್ಕ ಹಾಕಿಟ್ಟವರು ನಮ್ಮ ಬಳಿ ಯಾರಿದ್ದರು?

ಈ ಸರಣಿಯ ಜೊತೆ ನನಗೆ ಜಗಳವೂ ಇದೆ. ಬರಬರುತ್ತಾ ಪ್ರಯೋಗಾಲಯ ಹಿಂದೆ ಸರಿದು ಹೆಲಿಕಾಪ್ಟರು, ಹಳೆಯ ಹಗೆ, ಡಾಕ್ಟರಮ್ಮನ ತಂಗಿಯ ಮಗಳು ಲೂಸಿಯ ಸಾಹಸ ಮುಂದೆ ಬರುತ್ತವೆ. ನನ್ನ ಕಟ್ಟಿನಲ್ಲಿ ಕೊನೆಯದು 2003ರ 'ಬ್ಲೋ ಫ್ಲೈ'. ಅದರಲ್ಲಿ 'ನಾನು' ಎಂದು ಕಥೆ ಹೇಳುತ್ತಿದ್ದ ಡಾಕ್ಟರಮ್ಮನ ದನಿಯೇ ಇಲ್ಲ. ಸಾಲದೆಂಬಂತೆ, ಹಿಂದೆ ಸತ್ತರೆಂದು ನಾವೆಲ್ಲ ಒಪ್ಪಿಕೊಂಡ ಒಬ್ಬರು ಜೀವಂತ ಬರುತ್ತಾರೆ. ಶವಪರೀಕ್ಷೆಯ ಕಥೆಯಲ್ಲೇ ಹೀಗಾದರೆ ಮರಣ ಪ್ರಮಾಣಪತ್ರಕ್ಕೆ ಏನು ಬೆಲೆ? ಮೊದಲ ಐದನ್ನು ಕೊಳ್ಳಿ, ಕ್ರಮವಾಗಿ ಓದಿ. ಸಿಡುಕ ಪೊಲೀಸ್ ಮರೀನೊ ನಿಮಗೂ ಪರಿಚಿತನೆನಿಸುತ್ತಾನೆ, ಅಂಥ ಇಬ್ಬರ ಕೈಕೆಳಗೆ ನಾನೇ ದುಡಿದಿದ್ದೇನೆ.

ಹಳೆಯ ಪ್ರತಿ ಕೊಳ್ಳುವವರು ಹಾಳೆ ತಿರುವಿ ನೋಡಿಕೊಳ್ಳಿ. ನನ್ನ 'ಪೋಸ್ಟ್‌ಮಾರ್ಟಂ'ನ ಅಂಚಿನಲ್ಲಿ ಹಿಂದಿನ ಓದುಗನೊಬ್ಬ ಪೆನ್ಸಿಲಿನಲ್ಲಿ "ಇವನೇ ಕೊಲೆಗಾರ" ಎಂದು ಬರೆದು ಎರಡು ಗೆರೆ ಎಳೆದಿದ್ದ. ಸಿಟ್ಟಿನಿಂದಲೇ ಮುಂದೆ ಓದಿದೆ. ಅವನ ಊಹೆ ತಪ್ಪಾಗಿತ್ತು. ಮಗಳು ರಬ್ಬರು ತಂದುಕೊಟ್ಟಳು, ನಾನು ಅಳಿಸಲಿಲ್ಲ. ಪಕ್ಕದಲ್ಲಿ ದಿನಾಂಕ ಹಾಕಿ ಸಹಿ ಮಾಡಿಟ್ಟಿದ್ದೇನೆ.