ಜೆಲ್ಲೋ ಆ್ಯಪ್: ಗಡಿನಾಡಿನ ಕನ್ನಡ ಮನೆಯೊಂದರ ಬಳಕೆಯ ವಿಮರ್ಶೆ

ಮಾತನಾಡಲು ಕಷ್ಟವಿರುವವರು ಚಿತ್ರಗಳನ್ನು ಒತ್ತಿ ತಮ್ಮ ಮನಸ್ಸಿನಲ್ಲಿರುವುದನ್ನು ಧ್ವನಿಯಾಗಿ ಹೇಳಲು ನೆರವಾಗುವ ‘ಜೆಲ್ಲೋ’ ಎಂಬ ಆ್ಯಪನ್ನು ರೂಪಿಸಿದವರು ಮುಂಬಯಿ ಐಐಟಿಯ ವಿನ್ಯಾಸ ವಿಭಾಗದವರು. ಇದು ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲಿಯೂ ಇದೆ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲುಗಳ ಚಲನೆಗೆ ಅಡ್ಡಿಯಾಗುವ ಸ್ಥಿತಿ) ಇರುವ ನನ್ನ ತಂಗಿಯ ಮಗಳು ಇದನ್ನು ಪೆರ್ಲದ ಮನೆಯಲ್ಲಿಯೂ ಕಾಸರಗೋಡು ಪೇಟೆಯಲ್ಲಿಯೂ ಬಳಸುವುದನ್ನು ಹತ್ತಿರದಿಂದ ನೋಡುತ್ತಿರುವವಳಾಗಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ತೆರೆಯ ನಡುವೆ ತಿಂಡಿ-ಊಟ, ಆಟ, ಜನರು, ಜಾಗಗಳು, ಸಹಾಯ ಮೊದಲಾದ ಒಂಬತ್ತು ವಿಭಾಗಗಳ ಚಿತ್ರಗಳಿವೆ. ನನ್ನ ಮಟ್ಟಿಗೆ ಈ ಆ್ಯಪಿನ ನಿಜವಾದ ಬೆಲೆ ಇರುವುದು ಎರಡು ಅಂಚುಗಳಲ್ಲಿರುವ ಆರು ಗುಂಡಿಗಳಲ್ಲಿ: ಇಷ್ಟ, ಹೌದು, ಹೆಚ್ಚು ಎಂಬವು ಒಂದು ಕಡೆ, ಇಷ್ಟವಿಲ್ಲ, ಇಲ್ಲ, ಕಡಿಮೆ ಎಂಬವು ಇನ್ನೊಂದು ಕಡೆ. ಚಿತ್ರವೊಂದನ್ನು ಒತ್ತಿ ಅನಂತರ ಗುಂಡಿಯನ್ನು ಒತ್ತಿದರೆ ಇಡೀ ವಾಕ್ಯವೇ ಕೇಳಿಸುತ್ತದೆ. ಮನೆಯಲ್ಲಿ ನಾವು ಮಾಡಿಕೊಂಡಿದ್ದ ರಟ್ಟಿನ ಹಲಗೆಯಲ್ಲಿ ನೀರು, ಅನ್ನ, ಬಚ್ಚಲು ಎಂದು ಕೇಳುವ ಚಿತ್ರಗಳಷ್ಟೇ ಇದ್ದುವು. ಬೇಡವೆನ್ನಲು ಮುಖ ತಿರುಗಿಸುವುದಲ್ಲದೆ ಅವಳಿಗೆ ಬೇರೆ ದಾರಿ ಇರಲಿಲ್ಲ. ಈಗ ಅಜ್ಜಿ ಮತ್ತೊಂದು ಸೌಟು ಗಂಜಿ ಬಡಿಸಲು ಬಂದಾಗ ಅವಳು ಬಲಗೈಯ ಮಡಚಿದ ಬೆರಳಿನ ಗೆಣ್ಣಿನಿಂದ ನಿಧಾನವಾಗಿ ‘ಕಡಿಮೆ’ಯನ್ನು ಒತ್ತುತ್ತಾಳೆ, ಅಜ್ಜಿಯ ಸೌಟು ಪಾತ್ರೆಗೆ ಮರಳುತ್ತದೆ.

ಕೊರತೆಗಳೂ ಇವೆ. ಧ್ವನಿ ಪುಸ್ತಕದ ಕನ್ನಡದ್ದು. ನಮ್ಮ ಮನೆಯ ಹವ್ಯಕ ಮಾತು ಅದರಲ್ಲಿಲ್ಲ, ನೆರೆಮನೆಯ ತುಳುವೂ ಇಲ್ಲ. ಮನೆಯಲ್ಲಿ ಒಂದು, ಅಂಗಳದಾಚೆ ಇನ್ನೊಂದು, ಬಸ್ಸಿನಲ್ಲಿ ಮಲಯಾಳ ಎಂದು ದಿನವಿಡೀ ಭಾಷೆ ಬದಲಿಸುತ್ತ ಬದುಕುವ ಗಡಿನಾಡಿನ ಮಕ್ಕಳಿಗೆ ಒಂದೇ ಒತ್ತಿನಲ್ಲಿ ಭಾಷೆ ಬದಲಾಗುವ ಸೌಕರ್ಯ ಅತ್ಯಗತ್ಯವೆಂದು ನಾನು ಬಲವಾಗಿ ನಂಬುತ್ತೇನೆ.

ಆದರೆ ಆ್ಯಪು ಎಷ್ಟೇ ಚೆನ್ನಾಗಿದ್ದರೂ ಎದುರಿಗಿರುವವರು ಕಾಯದಿದ್ದರೆ ಅದು ಕೆಲಸಕ್ಕೆ ಬರುವುದಿಲ್ಲ. ಒಂದು ಕಚೇರಿಯಲ್ಲಿ ಅವಳು ಉತ್ತರವನ್ನು ಒತ್ತುತ್ತಿರುವಾಗಲೇ ಅಲ್ಲಿಯ ನೌಕರರು ತಂಗಿಯ ಕಡೆಗೆ ತಿರುಗಿ ಮುಂದಿನ ಪ್ರಶ್ನೆ ಕೇಳಿದರು; ಮಗುವಿನ ಕೈ ತೆರೆಯ ಮೇಲೆಯೇ ನಿಂತಿತು. ಅದೇ ದಿನ ಹಳೆ ಬಸ್ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಬಡಿಸುವ ಹುಡುಗ, ಗದ್ದಲದಲ್ಲಿ ಧ್ವನಿ ಕೇಳಿಸದೆ, ಬಗ್ಗಿ ತೆರೆಯನ್ನೇ ನೋಡಿ, ಅವಳನ್ನೇ ಕೇಳಿ ಖಚಿತಪಡಿಸಿಕೊಂಡು ದೋಸೆ ತಂದ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಸಂವಹನ ಎಂಬುದರ ವ್ಯಾಖ್ಯೆಯಲ್ಲಿಯೇ ಇಂಥ ಪರ್ಯಾಯ ವಿಧಾನಗಳನ್ನು ಸೇರಿಸಿದೆ. ಹಾಗಿರುವಾಗ ಕಾಯುವುದು ಆ ಹುಡುಗನ ಒಳ್ಳೆಯತನಕ್ಕೆ ಬಿಟ್ಟ ವಿಷಯವಾಗಬಾರದು. ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಎಣ್ಮಕಜೆ, ಬೆಳ್ಳೂರು, ಮುಳಿಯಾರುಗಳಿರುವ ಈ ಜಿಲ್ಲೆಯಲ್ಲಿ ಅದರ ಸಂತ್ರಸ್ತರಿಗೆ ಸಲ್ಲಬೇಕಾದ ಪರಿಹಾರದ ಹಣದ ಬಗ್ಗೆ ಸುಪ್ರೀಂ ಕೋರ್ಟಿನವರೆಗೆ ಹೋರಾಟ ನಡೆದಿದೆ, ನಡೆಯಲೇಬೇಕಿತ್ತು. ಆದರೆ ಮಾತನಾಡಲಾಗದ ಮಕ್ಕಳಿಗೆ ಮಾತಿನ ಸಾಧನ ಒದಗಿಸುವ ವಿಷಯವೂ ಅಷ್ಟೇ ಗಟ್ಟಿಯಾಗಿ ಕೇಳಿಬರಬೇಕು. ಪಂಚಾಯತ್ ಕಚೇರಿ, ಆರೋಗ್ಯ ಕೇಂದ್ರ, ವಿಶೇಷ ಮಕ್ಕಳಿಗಾಗಿರುವ ಬಡ್ಸ್ ಶಾಲೆಗಳಲ್ಲಿ ಕನ್ನಡ ಮತ್ತು ಮಲಯಾಳ ಎರಡರಲ್ಲೂ ಮುದ್ರಿಸಿದ ಚಿತ್ರಫಲಕವೊಂದನ್ನು ಇಡಲು ದೊಡ್ಡ ಖರ್ಚೇನೂ ಬೇಕಾಗಿಲ್ಲ.

ನಮ್ಮ ಅನುಭವದಲ್ಲಿ ಇದು ಸಣ್ಣ ಫೋನಿಗಿಂತ ಟ್ಯಾಬಿನಲ್ಲಿ ಹೆಚ್ಚು ಅನುಕೂಲ, ಬೆರಳು ತಪ್ಪುವುದು ಕಡಿಮೆ. ಬಳಸತೊಡಗುವವರು ಮೊದಲು ಸಾಧನದಲ್ಲಿ ಕನ್ನಡ ಧ್ವನಿಯನ್ನು ಇಳಿಸಿಕೊಳ್ಳಿ, ಪೇಟೆಗೆ ಹೋಗುವಾಗ ಪುಟ್ಟ ಸ್ಪೀಕರೊಂದನ್ನು ಜೊತೆಗಿಟ್ಟುಕೊಳ್ಳಿ. ಆಟಿ ತಿಂಗಳ ಮಳೆಗೆ ಕರೆಂಟು ಹೋಗಿ ಚಾರ್ಜು ಮುಗಿಯುವ ದಿನಗಳಿಗಾಗಿ ರಟ್ಟಿನ ಹಲಗೆಯನ್ನೂ ಉಳಿಸಿಕೊಳ್ಳಿ. ಅದರಲ್ಲಿ ‘ಬೇಡ’ ಎಂಬ ಚಿತ್ರವನ್ನು ಮಾತ್ರ ಮರೆಯದೆ ಸೇರಿಸಿ.