ಒಂದೇ ಯೆಜ್ಡಿ, ಮೂರು ಫೋರ್ಕ್: ಹಳೇದು, ಪಲ್ಸರ್ 220, ಆರ್‌ಸಿ 390

ನನ್ನದು 1986ರ ಯೆಜ್ಡಿ ರೋಡ್‌ಕಿಂಗ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ ಹುಟ್ಟಿದ ಗಾಡಿ. ಇಂಜಿನ್ ಈಗಲೂ ಗಟ್ಟಿ. ತೊಂದರೆ ಇದ್ದದ್ದು ಮುಂದುಗಡೆ, ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಜೋಡಿ ಶಾಕ್ ಪೈಪು) ಮತ್ತು ಡ್ರಮ್ ಬ್ರೇಕಿನಲ್ಲಿ. ಟು-ಸ್ಟ್ರೋಕ್‌ಗೆ ಇಂಜಿನ್ ಬ್ರೇಕಿಂಗ್ (ಆಕ್ಸಿಲರೇಟರ್ ಬಿಟ್ಟಾಗ ಇಂಜಿನ್ನೇ ಗಾಡಿಯನ್ನು ತಡೆಯುವುದು) ಕಡಿಮೆ ಅಲ್ವಾ, ಇಳಿಜಾರಿನಲ್ಲಿ ಭಾರವೆಲ್ಲ ಬ್ರೇಕಿನ ಮೇಲೆಯೇ ಬೀಳುತ್ತದೆ. ಚಾಮುಂಡಿ ಬೆಟ್ಟ ಅರ್ಧ ಇಳಿಯುವಷ್ಟರಲ್ಲಿ ಡ್ರಮ್ ಕಾದು ಲಿವರ್ ಮೆತ್ತಗಾಗುತ್ತಿತ್ತು. ಗುಂಡಿಗೆ ಇಳಿದರೆ ಫೋರ್ಕ್ ಟಣ್ ಅಂತ ತಳ ಮುಟ್ಟುತ್ತಿತ್ತು.

ಎರಡು ವರ್ಷದಲ್ಲಿ ಮೂರು ದಾರಿ ನೋಡಿದೆ. ಹಳೇ ಫೋರ್ಕನ್ನೇ ಪೂರ್ತಿ ರಿಪೇರಿ ಮಾಡಿಸಿದ್ದು ಒಂದು. ಪಲ್ಸರ್ 220ರ ಫೋರ್ಕ್ ಇನ್ನೊಂದು. ಹಳೇ ಮಾದರಿಯ ಕೆಟಿಎಂ ಆರ್‌ಸಿ 390ರ ಯುಎಸ್‌ಡಿ, ಅಂದರೆ ತಲೆಕೆಳಗಾಗಿ ಕೂರಿಸಿದ ಫೋರ್ಕ್ ಮೂರನೆಯದು. ಒಂದೊಂದರಲ್ಲೂ ಸುಮಾರು ಸಾವಿರ ಕಿ.ಮೀ. ಓಡಿಸಿದೆ. ರಸ್ತೆ ಒಂದೇ: ಬೆಟ್ಟ ಹತ್ತುವುದು, ಉತ್ತನಹಳ್ಳಿ ಕಡೆ ಇಳಿಯುವುದು, ನಂಜನಗೂಡು ರಸ್ತೆ ಹಿಡಿದು ಊರಿಗೆ ವಾಪಸ್.

ಹಳೇ ಫೋರ್ಕಿನ ಪೈಪುಗಳಿಗೆ ಹಾರ್ಡ್ ಕ್ರೋಮ್ ಮಾಡಿಸಿ, ಬುಷ್, ಆಯಿಲ್ ಸೀಲ್, ಸ್ಪ್ರಿಂಗ್ ಹೊಸದು ಹಾಕಿಸಿದೆ. ಡ್ರಮ್ಮನ್ನು ಲೇತ್‌ನಲ್ಲಿ ಸವರಿಸಿ, ಅದಕ್ಕೆ ಸರಿಯಾಗಿ ಲೈನರ್ ಕೂರಿಸಿದೆವು. ಇಷ್ಟರಲ್ಲೇ ಗಾಡಿ ಎಷ್ಟು ಬದಲಾಯಿತು ಅಂದರೆ, ಮೊದಲೇ ಇದನ್ನು ಮಾಡಿಸಿದ್ದರೆ ಮುಂದಿನ ಹುಡುಕಾಟಕ್ಕೆ ಹೋಗುತ್ತಿದ್ದೆನೋ ಇಲ್ಲವೋ. ತಿರುವಿನಲ್ಲಿ ಹ್ಯಾಂಡಲ್ ಹಗುರ, ಗಾಡಿ ತಾನಾಗಿ ವಾಲುತ್ತದೆ. ಆದರೆ ಫೋರ್ಕಿನ ಡ್ಯಾಂಪಿಂಗ್ (ಸ್ಪ್ರಿಂಗ್ ಕುಣಿತವನ್ನು ಆಯಿಲ್‌ನಿಂದ ತಡೆಯುವ ವ್ಯವಸ್ಥೆ) ತೀರಾ ಸರಳ. ದಪ್ಪ ಆಯಿಲ್ ಹಾಕಿದರೆ ಸಣ್ಣ ಗುಂಡಿಯಲ್ಲಿ ಕೈಗೆ ಕುಟ್ಟುತ್ತದೆ, ತೆಳು ಹಾಕಿದರೆ ಬ್ರೇಕ್ ಹಿಡಿದಾಗ ಮೂತಿ ಕುಸಿಯುತ್ತದೆ. ಮಳೆಯಲ್ಲಿ ಡ್ರಮ್ ಬಗ್ಗೆ ಧೈರ್ಯ ಬರಲೇ ಇಲ್ಲ.

ಆಮೇಲೆ ಆರ್‌ಸಿ ಫೋರ್ಕ್. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಚಕ್ರ, ಡಿಸ್ಕ್, ಎರಡೂ ಟಿ (ಫೋರ್ಕ್ ಪೈಪುಗಳನ್ನು ಮೇಲೆ, ಕೆಳಗೆ ಹಿಡಿಯುವ ಪಟ್ಟಿಗಳು) ಸಮೇತ ಸಿಕ್ಕಿತು. 43 ಮಿ.ಮೀ. ಡಬ್ಲ್ಯೂಪಿ ಕಂಪನಿಯ ಫೋರ್ಕ್, 300 ಮಿ.ಮೀ. ಡಿಸ್ಕ್. ನೋಡಿದರೆ ಆಸೆಯಾಗುತ್ತದೆ, ನಿಜ. ಕೆಲಸ ಶುರುವಾದಾಗ ಗೊತ್ತಾಯಿತು ಎಷ್ಟಿದೆ ಅಂತ. ಕೆಳಗಿನ ಟಿಯ ಸ್ಟೆಮ್ (ಫ್ರೇಮಿನ ತಲೆಯೊಳಗೆ ತಿರುಗುವ ಕಂಬಿ) ಯೆಜ್ಡಿಯ ಕೋನ್ ಸೆಟ್‌ಗೆ, ಅಂದರೆ ಹ್ಯಾಂಡಲ್ ಬೇರಿಂಗ್‌ಗೆ ಕೂರುವುದಿಲ್ಲ. ಮೊದಲು ಹೋದ ಲೇತ್ ಅಂಗಡಿಯಲ್ಲಿ ಹೊಸ ಸ್ಟೆಮ್ ಮಾಡಿಕೊಟ್ಟರು. ಆದರೆ ಫಿಟ್ ಸಡಿಲ. ಹತ್ತೇ ಕಿ.ಮೀ.ಗೆ ಹ್ಯಾಂಡಲ್‌ನಲ್ಲಿ ಆಟ ಬಂತು. ಅಲ್ಲೇ ಗಾಡಿ ನಿಲ್ಲಿಸಿ ಟೆಂಪೋದಲ್ಲಿ ಮನೆಗೆ ತಂದೆ. ಇನ್ನೊಬ್ಬರು ಇಎನ್24 ಅನ್ನುವ ಗಟ್ಟಿ ಸ್ಟೀಲಿನಲ್ಲಿ ತಿರುಗಿಸಿ, ತೂತಿಗಿಂತ ಕೂದಲೆಳೆಯಷ್ಟು ದಪ್ಪ ಇಟ್ಟು, ಪ್ರೆಸ್‌ನಲ್ಲಿ ಒತ್ತಿ ಕೂರಿಸಿದರು. ಇದು ಜೀವದ ಪ್ರಶ್ನೆ. ಈ ಒಂದು ಕೆಲಸದಲ್ಲಿ ಮಾತ್ರ ದುಡ್ಡು ಉಳಿಸಲು ಹೋಗಬೇಡಿ.

ಓಡಿಸಿದಾಗ ಬ್ರೇಕ್ ಅದ್ಭುತ. ಒಂದು ಬೆರಳು ಸಾಕು. ಆದರೆ ಗಾಡಿ ತನ್ನ ಗುಣ ಕಳೆದುಕೊಂಡಿತ್ತು. ಊರೊಳಗೆ ನಿಧಾನಕ್ಕೆ ತಿರುಗಿಸಿದರೆ ಹ್ಯಾಂಡಲ್ ಒಳಗೆ ಬೀಳುತ್ತಿತ್ತು, ವೇಗದಲ್ಲಿ ತಿರುಗಿಸಬೇಕಾದರೆ ತಳ್ಳಬೇಕಿತ್ತು. ಕಾರಣ ಹುಡುಕಲು ಒಂದು ವಾರ ಬೇಕಾಯಿತು: ಟಿಯ ಆಫ್‌ಸೆಟ್.

ಆಫ್‌ಸೆಟ್ ಅಂದರೆ ಸ್ಟೆಮ್ಮಿನ ನಡುವಿನಿಂದ ಎರಡು ಫೋರ್ಕ್ ಪೈಪುಗಳ ನಡುಗೆರೆ ಎಷ್ಟು ಮುಂದಿದೆ ಅನ್ನುವುದು. ಸ್ಪೋರ್ಟ್ಸ್ ಬೈಕಿನ ಫೋರ್ಕ್ ನೆಟ್ಟಗೆ ನಿಂತಿರುತ್ತದೆ, ಅದಕ್ಕೆ ಕಡಿಮೆ ಆಫ್‌ಸೆಟ್ ಸಾಕು. ಹಳೇ ಗಾಡಿಯ ಫೋರ್ಕ್ ಹೆಚ್ಚು ಓರೆ, ಅದಕ್ಕೆ ಆಫ್‌ಸೆಟ್ ಜಾಸ್ತಿ ಬೇಕು. ಸ್ಟೆಮ್ಮಿನ ಗೆರೆಯನ್ನು ಹಾಗೇ ನೆಲದವರೆಗೆ ಎಳೆಯಿರಿ. ಆ ಗೆರೆ ನೆಲ ಮುಟ್ಟುವ ಜಾಗಕ್ಕೂ ಟೈರ್ ನೆಲ ಮುಟ್ಟುವ ಜಾಗಕ್ಕೂ ಇರುವ ಅಂತರವೇ ಟ್ರೇಲ್. ಓರೆ ಅಷ್ಟೇ ಇದ್ದು ಆಫ್‌ಸೆಟ್ 10 ಮಿ.ಮೀ. ಕಡಿಮೆಯಾದರೆ ಟ್ರೇಲ್ ಸುಮಾರು 11 ಮಿ.ಮೀ. ಹೆಚ್ಚುತ್ತದೆ. ನನ್ನ ಹ್ಯಾಂಡಲ್ ಹಾಗೆ ಆಡಿದ್ದು ಈ ಹೆಚ್ಚಾದ ಟ್ರೇಲ್‌ನಿಂದಲೇ. ಮೂತಿ ತಗ್ಗಿಸಿದರೆ ಸ್ವಲ್ಪ ಸರಿಯಾಗುತ್ತದೆ. ಇಷ್ಟುದ್ದದ ಗಾಡಿಯಲ್ಲಿ 23 ಮಿ.ಮೀ. ತಗ್ಗಿಸಿದರೆ ಓರೆ ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. ಆದರೆ ತುಂಬಾ ತಗ್ಗಿಸಿದರೆ ಸೈಲೆನ್ಸರ್ ಹಂಪ್‌ಗೆ ತಾಗುತ್ತದೆ.

ಇನ್ನೂ ಮೂರು ತಕರಾರು. ಯುಎಸ್‌ಡಿಯಲ್ಲಿ ದಪ್ಪ ಪೈಪು ಮೇಲಿರುವುದರಿಂದ ಹ್ಯಾಂಡಲ್ ಪೂರ್ತಿ ತಿರುಗಿಸಿದರೆ ಟ್ಯಾಂಕಿಗೆ ಬಡಿಯುತ್ತದೆ. ಸ್ಟಾಪರ್ ಹಾಕಿದೆ, ಆಮೇಲೆ ದೇವರಾಜ ಮಾರ್ಕೆಟ್ ಗಲ್ಲಿಯಲ್ಲಿ ಯು-ಟರ್ನ್ ಆಗುತ್ತಿರಲಿಲ್ಲ. ಆರ್‌ಸಿಗೆ ಕ್ಲಿಪ್-ಆನ್ (ಫೋರ್ಕ್ ಪೈಪಿಗೇ ಬಿಗಿಯುವ, ಬಾಗಿ ಹಿಡಿಯಬೇಕಾದ) ಹ್ಯಾಂಡಲ್, ನನ್ನ ಬೆನ್ನಿಗೆ ಅದು ಆಗದು. ಜೊತೆಗೆ ಆ ಸ್ಪ್ರಿಂಗ್ ಭಾರದ ಗಾಡಿಗೆ ಮಾಡಿದ್ದು. ನಾನು ಕೂತಾಗ 125 ಮಿ.ಮೀ. ಟ್ರಾವೆಲ್‌ನಲ್ಲಿ (ಫೋರ್ಕ್ ಕುಗ್ಗಬಲ್ಲ ಒಟ್ಟು ದೂರ) 30-35 ಆದರೂ ಕುಗ್ಗಬೇಕಿತ್ತು, ಕುಗ್ಗಿದ್ದು ಅದರ ಅರ್ಧ. ಯುಎಸ್‌ಡಿಯೇ ಬೇಕು ಅನ್ನುವವರು ಪೀಣ್ಯದಂಥ ಕಡೆ ಸರಿಯಾದ ಆಫ್‌ಸೆಟ್ಟಿನ ಟಿಗಳನ್ನು ಸಿಎನ್‌ಸಿಯಲ್ಲಿ (ಕಂಪ್ಯೂಟರ್ ನಡೆಸುವ ಕಟಿಂಗ್ ಯಂತ್ರ) ಮಾಡಿಸುವುದೇ ಸರಿ. ಆರ್‌ಸಿ ಸೆಟ್‌ಗೆ ಲೇತ್ ಖರ್ಚು ಸೇರಿ 28 ಸಾವಿರ ಕೊಟ್ಟ ಮೇಲೆ ನನಗೆ ಅದಕ್ಕೆ ಕೈ ಬರಲಿಲ್ಲ.

ಪಲ್ಸರ್ 220ರ ಫೋರ್ಕ್ ಬಗ್ಗೆ ಹೇಳಲು ಕಡಿಮೆ ಇದೆ, ಅದೇ ಅದರ ಹೆಚ್ಚುಗಾರಿಕೆ. 37 ಮಿ.ಮೀ. ಪೈಪು, 260 ಮಿ.ಮೀ. ಡಿಸ್ಕ್, ಒಟ್ಟು 13 ಸಾವಿರ. ಮೇಲಿನ ಪೈಪು ಸಣ್ಣದು, ಟ್ಯಾಂಕಿಗೆ ತಾಗಲಿಲ್ಲ. ಹ್ಯಾಂಡಲ್ ಎತ್ತರ ಹೊಂದಿತು. ಟ್ರೇಲ್ ಮೂಲಕ್ಕಿಂತ ಸ್ವಲ್ಪ ಜಾಸ್ತಿ, ಎರಡು ದಿನದಲ್ಲಿ ಕೈಗೆ ಒಗ್ಗಿತು. ಬೆಟ್ಟದ ಇಳಿಜಾರಿನಲ್ಲಿ ಲಿವರ್ ಒಂದೇ ಸಮ. ಮಾಸ್ಟರ್ ಸಿಲಿಂಡರ್ (ಲಿವರ್ ಬಳಿಯ ಬ್ರೇಕ್ ಆಯಿಲ್ ಪಂಪು) ಮತ್ತು ಕ್ಯಾಲಿಪರ್ (ಡಿಸ್ಕ್ ಹಿಡಿಯುವ ಭಾಗ) ಎರಡೂ ಅದೇ ಗಾಡಿಯವು ಇರಲಿ, ಬೆರಸಿದರೆ ಲಿವರ್ ಕಲ್ಲಾಗುತ್ತದೆ ಇಲ್ಲವೇ ಹ್ಯಾಂಡಲ್‌ಗೆ ಬಂದು ಮುಟ್ಟುತ್ತದೆ. ನೋಟಕ್ಕೆ ಮಾತ್ರ 17 ಇಂಚಿನ ಅಲಾಯ್ ಚಕ್ರ ಯೆಜ್ಡಿಗೆ ಒಪ್ಪುವುದಿಲ್ಲ.

ಒಂದು ವಿಷಯ ಮುಚ್ಚಿಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ಕಂಪನಿಯ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸಬಾರದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಕೈ ಹಾಕುವ ಮೊದಲು ಆರ್‌ಟಿಒದಲ್ಲಿ ಕೇಳಿ. ನಾನು ಇದನ್ನು ಸರಿಯಾಗಿ ತಿಳಿದುಕೊಂಡದ್ದು ತಡವಾಗಿ. ಹಾಗಾಗಿ ಈಗ ಗಾಡಿಯಲ್ಲಿರುವುದು ಹಳೇ ಫೋರ್ಕೇ. ಫ್ರೇಮಿನಲ್ಲಿ ಒಂದು ತೂತನ್ನೂ ಕೊರೆದಿರಲಿಲ್ಲ, ಒಂದೇ ಸಂಜೆಯಲ್ಲಿ ವಾಪಸ್ ಕೂತಿತು. ಪಲ್ಸರ್ ಸೆಟ್ಟನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ. ಆರ್‌ಸಿಯದನ್ನು ಮಾರಿದೆ.