ತಿಂಗಳಿಗೆ ನೂರು ರೂಪಾಯಿ: ಹಳ್ಳಿ ಅಂಚೆ ಕಚೇರಿಯ ಆರ್‌.ಡಿ. ಹೇಗಿದೆ?

ಆರ್‌.ಡಿ.ಗೆ, ಅಂದರೆ ತಿಂಗಳ ಕಂತಿನ ಠೇವಣಿಗೆ, ತಿಂಗಳಿಗೆ 100 ರೂಪಾಯಿಯಂತೆ 60 ತಿಂಗಳು ಕಟ್ಟಿದರೆ ಕೈಗೆ ಸಿಗುವುದು ಸುಮಾರು 7,137 ರೂಪಾಯಿ. ಇದು 2023ರ ಅಕ್ಟೋಬರ್‌ನಲ್ಲಿ ಬಂದ ಶೇ. 6.7ರ ಬಡ್ಡಿಯ ಲೆಕ್ಕ. ದರ ಮೂರು ತಿಂಗಳಿಗೊಮ್ಮೆ ಬದಲಾಗಬಹುದು, ಆದರೆ ಖಾತೆ ತೆರೆದ ದಿನದ ದರವೇ ಐದು ವರ್ಷ ನಡೆಯುತ್ತದೆ. ಬಡ್ಡಿಗಾಗಿ ಮಾತ್ರ ಬರುವವರಿಗೆ ಇದು ಸಪ್ಪೆ ಅನ್ನಿಸೀತು. ಕೂಲಿ, ಹಾಲು, ಎರಡು ಎಕರೆ ರಾಗಿ ನಂಬಿದ ಮನೆಗೆ ಮಾತ್ರ ಇದಕ್ಕಿಂತ ಭದ್ರವಾದ ಹುಂಡಿ ಊರೊಳಗೇ ಸಿಗುವುದು ಕಷ್ಟ. ಚೀಟಿ ನಡೆಸುವವರು ಓಡಿಹೋಗುವ ಭಯ ಇಲ್ಲಿಲ್ಲ.

ತೆರೆಯುವಾಗಲೇ ಎರಡು ವಿಷಯ ಗಮನಿಸಿ. ಒಂದು, ತಾರೀಖು. 15ರೊಳಗೆ ತೆರೆದರೆ ಪ್ರತಿ ತಿಂಗಳೂ 15ರೊಳಗೇ ಕಟ್ಟಬೇಕು. 16ರ ಮೇಲೆ ತೆರೆದರೆ ತಿಂಗಳ ಕೊನೆಯ ಕೆಲಸದ ದಿನದವರೆಗೂ ಸಮಯವಿರುತ್ತದೆ. ಡೈರಿ ಬಟವಾಡೆ ಯಾವತ್ತು ಬರುತ್ತದೋ ನೋಡಿಕೊಂಡು ತೆರೆಯಿರಿ. ಎರಡು, 500ರ ಒಂದೇ ಖಾತೆ ಬೇಡ, ನೂರರ ಐದು ಖಾತೆ ಮಾಡಿ. ಕಷ್ಟ ಬಂದಾಗ ಒಂದನ್ನು ನಿಲ್ಲಿಸಿದರೂ ಉಳಿದ ನಾಲ್ಕು ಜೀವಂತ.

ಕಂತು ತಪ್ಪಿದರೆ ನೂರಕ್ಕೆ ತಿಂಗಳಿಗೆ 1 ರೂಪಾಯಿ ದಂಡ, ಅದು ದೊಡ್ಡದಲ್ಲ. ನಾಲ್ಕು ಕಂತು ತಪ್ಪಿದರೆ ಖಾತೆ ನಿಂತುಹೋಗುತ್ತದೆ. ಎರಡು ತಿಂಗಳೊಳಗೆ ಬಾಕಿ ಕಟ್ಟಿ ಎಬ್ಬಿಸದಿದ್ದರೆ ಮತ್ತೆ ಕಟ್ಟಲು ಬಿಡುವುದಿಲ್ಲ. ಸುಗ್ಗಿಯಲ್ಲಿ ಮಾತ್ರ ದುಡ್ಡು ಕಾಣುವವರು ಮುಂಗಡ ಕಟ್ಟುವುದೇ ಲೇಸು. 12 ಕಂತು ಒಟ್ಟಿಗೆ ಕಟ್ಟಿದರೆ ನೂರರ ಖಾತೆಗೆ 40 ರೂಪಾಯಿ ಬಿಡುತ್ತಾರೆ, ಅಂದರೆ 1,160 ಕೊಟ್ಟರೆ ವರ್ಷದ ಚಿಂತೆ ಮುಗಿಯಿತು. ಆರು ಕಂತಿಗೆ ರಿಯಾಯಿತಿ 10 ರೂಪಾಯಿ. ಈ ಸೌಲಭ್ಯವನ್ನು ಯಾರೂ ತಾವಾಗಿ ಹೇಳುವುದಿಲ್ಲ, ಕೇಳಿ ಪಡೆಯಬೇಕು.

ದೊಡ್ಡ ಕೊರತೆ ಇರುವುದು ನಡುವೆ ಮುರಿಯುವಾಗ. ಮೂರು ವರ್ಷ ತುಂಬದೆ ಮುಚ್ಚುವಂತಿಲ್ಲ. ಆಮೇಲೆ ಮುಚ್ಚಿದರೂ, ಅವಧಿಗೆ ಒಂದೇ ದಿನ ಬಾಕಿ ಇದ್ದರೂ, ಸಿಗುವುದು ಉಳಿತಾಯ ಖಾತೆಯ ಶೇ. 4ರ ಬಡ್ಡಿ ಮಾತ್ರ. ಆದ್ದರಿಂದ ಮುರಿಯುವ ಬದಲು ಸಾಲ ಕೇಳಿ. 12 ಕಂತು ತಪ್ಪದೆ ಕಟ್ಟಿ ವರ್ಷ ಕಳೆದಿದ್ದರೆ ಜಮೆಯ ಅರ್ಧದಷ್ಟು ಕೊಡುತ್ತಾರೆ, ಬಡ್ಡಿ ಆರ್‌.ಡಿ. ದರಕ್ಕಿಂತ ಶೇ. 2 ಹೆಚ್ಚು, ಅಂದರೆ 8.7. ಕೈಸಾಲ ತಿಂಗಳಿಗೆ ನೂರಕ್ಕೆ ಮೂರು ಅಂದರೆ ವರ್ಷಕ್ಕೆ 36 ಆಗುತ್ತದೆ, ಹೋಲಿಸಿ ನೋಡಿ. ಆಸ್ಪತ್ರೆ ಖರ್ಚಿನ ಹಣವನ್ನಂತೂ ಇದರಲ್ಲಿ ಹಾಕಬೇಡಿ, ಉಳಿತಾಯ ಖಾತೆಯಲ್ಲಿಡಿ. ಅಲ್ಲಿ ಕನಿಷ್ಠ 500 ಇರಲೇಬೇಕು.

ಹಳ್ಳಿ ಶಾಖೆಯ ಕೆಲಸ ದಿನಕ್ಕೆ ನಾಲ್ಕೈದು ತಾಸು ಮಾತ್ರ, ನೆಟ್‌ವರ್ಕ್ ಇಲ್ಲದ ದಿನ ಅದೂ ಇಲ್ಲ; ಕೊನೆಯ ದಿನಕ್ಕೆ ಕಾಯಬೇಡಿ. ದುಡ್ಡು ಕೊಟ್ಟ ಕೂಡಲೇ ಪಾಸ್‌ಬುಕ್ಕಿನಲ್ಲಿ ಮೊತ್ತ, ಸಹಿ, ತಾರೀಖಿನ ಮುದ್ರೆ ಬಿತ್ತೇ ನೋಡಿ. ಪುಸ್ತಕವನ್ನು ಅಲ್ಲೇ ಬಿಟ್ಟು ಬರಬೇಡಿ. ಬಿಡಲೇಬೇಕಾದರೆ ರಸೀದಿ ಪಡೆಯಿರಿ. ಪೋಸ್ಟ್‌ಮಾಸ್ಟರ್ ನೆಂಟರೇ ಆಗಿದ್ದರೂ ವರ್ಷಕ್ಕೊಮ್ಮೆ ಹೋಬಳಿಯ ಅಥವಾ ತಾಲ್ಲೂಕಿನ ಕಚೇರಿಗೆ ಹೋಗಿ ಪಾಸ್‌ಬುಕ್ಕಿನ ಜಮೆ ತಾಳೆ ಹಾಕಿಸಿ. ಕಟ್ಟಿದ್ದು ಖಾತೆಗೆ ಏರದಿದ್ದರೆ ಅಲ್ಲೇ ಗೊತ್ತಾಗುವುದು.

ಅದೇ ಉಳಿತಾಯ ಖಾತೆಯಿಂದ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾವನ್ನೂ (ಅಪಘಾತ ವಿಮೆ) ಮಾಡಿಸಿ: 18ರಿಂದ 70 ವರ್ಷದವರಿಗೆ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಕಂತು ಮೇ ಕೊನೆಗೆ ಕಡಿತವಾಗುವುದರಿಂದ ಆ ಹೊತ್ತಿಗೆ ಖಾತೆಯಲ್ಲಿ ಹಣವಿರಲಿ. ನಾಮಿನಿ ಹೆಸರು ಎರಡರಲ್ಲೂ ಬರೆಸಿ.